ಎಲೆ ತೆಗೆದುಕೊಳ್ಳದ ಹೊಲಿಗೆ ಮೇಡಂ

ಹೊಲಿಗೆ ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಎಳನೀರು ಮಾರುವವನಿಂದ. ಅವನು ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಅವನನ್ನು ಪಾಸು ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಈಗ ಅವನ ತಲೆಯೂ ನರೆತಿದೆ. ಎಳನೀರು ಕೆತ್ತುತ್ತಿದ್ದವನು ಮಚ್ಚು ಕೆಳಗಿಟ್ಟು, "ಮೇಡಂ, ನಿಮ್ಗೆ ಗೊತ್ತಾಯ್ತಾ? ಹೊಲಿಗೆ ಮೇಡಮ್ಮೋರು ಹೋಗ್ಬುಟ್ರಂತೆ ಕಣ್ರೀ" ಅಂದ. ಆಮೇಲೆ ತನ್ನ ಅಂಗಿಯ ಗುಂಡಿಯನ್ನು ಬೆರಳಲ್ಲಿ ಹಿಡಿದು ತೋರಿಸಿದ. "ಇವತ್ಗೂ ಗುಂಡಿ ಕಿತ್ತೋದ್ರೆ ನಾನೇ ಹಾಕ್ಕೊತೀನಿ. ನನ್ ಹೆಂಡ್ತಿ ನಗ್ತಾಳೆ. ಅವ್ರೇ ಕಲ್ಸಿದ್ದು." ನನ್ನ ಬಸ್ಸು ಬಂತು, ಹೋಯಿತು. ನಾನು ಎಳನೀರು ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಕಡೆಯ ಯಾರಿಗೂ ಗುರುತು ಹತ್ತುವುದಿಲ್ಲ. ಹಾಜರಿಗೆ ಸಹಿ ಹಾಕುವಾಗ ಬಿಟ್ಟರೆ ಅವರ ಹೆಸರು ಅವರಿಗೇ ಉಪಯೋಗಕ್ಕೆ ಬರುತ್ತಿರಲಿಲ್ಲ. ಮಕ್ಕಳಿಗೆ, ಮೇಷ್ಟ್ರುಗಳಿಗೆ, ಅವರು ಬಾಡಿಗೆಗಿದ್ದ ಮನೆಯವರಿಗೆ, ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಕೂಡ ಅವರು ಹೊಲಿಗೆ ಮೇಡಂ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಯಾವ ಕಡೆ ತಿರುಗಿದರೂ ತೆಂಗಿನ ಮರವೇ ಕಾಣುವ ಒಂದು ಹಳ್ಳಿಯಲ್ಲಿ ನಮ್ಮ ಹೈಸ್ಕೂಲಿತ್ತು. ಊರಿನವರೇ ಸೇರಿ ಕಟ್ಟಿದ ಖಾಸಗಿ ಸ್ಕೂಲು. ಎಪ್ಪತ್ತರ ದಶಕದಲ್ಲಿ ನಾನು ವಿಜ್ಞಾನದ ಟೀಚರಾಗಿ ಅಲ್ಲಿಗೆ ಸೇರಿದ ಮರುವರ್ಷ ಅವರು ಬಂದರು.

ಕಂದಿಕೆರೆ ಕಡೆಯವರು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ಆಮೇಲೆ ಹೊಲಿಗೆಯ ಪರೀಕ್ಷೆ ಕಟ್ಟಿ, ಪಾಸು ಮಾಡಿ, ಕೆಲಸ ಹುಡುಕಿಕೊಂಡು ಬಂದವರು. ಗಿಡ್ಡನೆಯ ಆಳು, ಹಣೆಯಲ್ಲಿ ವಿಭೂತಿ, ಸಣ್ಣ ಅಂಚಿನ ನೂಲಿನ ಸೀರೆ, ಕುತ್ತಿಗೆಯಲ್ಲಿ ಅಳತೆ ಟೇಪು. ಆ ಟೇಪು ತೆಗೆದಿಡುವುದನ್ನು ಮರೆತು ಹಾಗೇ ಸಂತೆಗೆ ಹೋಗುತ್ತಿದ್ದರು. ಒಂದು ಸಲ ದೇವಸ್ಥಾನಕ್ಕೂ ಹಾಗೇ ಹೋದಾಗ ಪೂಜಾರಿ "ಏನು ತಾಯೀ, ಸ್ವಾಮಿಗೆ ಜುಬ್ಬ ಹೊಲಿಯೋಕೆ ಬಂದ್ರಾ?" ಅಂದನಂತೆ. ಇದನ್ನು ಅವರೇ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಅವರು ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಬಾಗಿಲ ಹತ್ತಿರ ಒಂದು ಬೆಂಚು. ಯಾರೂ ಹಾಗಂತ ನಿಯಮ ಮಾಡಿರಲಿಲ್ಲ, ಆದರೆ ಹಾಗೇ ನಡೆದುಕೊಂಡು ಬಂದಿತ್ತು. ನಾನು ಬಿ.ಎಸ್ಸಿ. ಓದಿದವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಆದರೂ ಒಂದು ವರ್ಷ ಆ ಬೆಂಚಿನ ಮೇಲೆ ಕೂತು, ರಜಕ್ಕೆ ಊರಿಗೆ ಹೋದಾಗ ಅಮ್ಮನ ಹತ್ತಿರ ಹಾರಾಡಿ ಬಂದಿದ್ದೆ. ಹೊಲಿಗೆ ಮೇಡಂ ಒಳಗೆ ಬಂದರು, ಸುತ್ತ ನೋಡಿದರು, ಕಿಟಕಿಯ ಬಳಿ ಖಾಲಿ ಇದ್ದ ಕುರ್ಚಿಯಲ್ಲಿ ಕೂತರು. ನಮ್ಮ ಕನ್ನಡ ಪಂಡಿತರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ಅಮ್ಮಾ, ಹೆಂಗಸರು ಅಲ್ಲಿ, ಬೆಂಚಿನ ಮೇಲೆ" ಅಂದರು.

"ಹೌದಾ ಸ್ವಾಮಿ? ಬೆಂಚಿಗೆ ಒರಗೋಕೆ ಇಲ್ವಲ್ಲ. ನಂಗೆ ಸೊಂಟ ನೋವು" ಎಂದು ನಕ್ಕು, ಚೀಲದಿಂದ ಬಟ್ಟೆ ತೆಗೆದು ಅಂಚು ಮಡಿಸತೊಡಗಿದರು. ಪಂಡಿತರು ಹೆಡ್ ಮೇಷ್ಟ್ರ ಮುಖ ನೋಡಿದರು, ಹೆಡ್ ಮೇಷ್ಟ್ರು ಸೂರು ನೋಡಿದರು. ಮಧ್ಯಾಹ್ನದ ಹೊತ್ತಿಗೆ ನನಗೂ ಸೊಂಟ ನೋವು ಶುರುವಾಗಿ ಅವರ ಪಕ್ಕದ ಕುರ್ಚಿಗೆ ಹೋಗಿ ಕೂತೆ.

ಇಷ್ಟು ಹೇಳಿದರೆ ಅವರನ್ನು ಯಾರಾದರೂ ವೀರವನಿತೆ ಅಂದುಕೊಂಡಾರು. ಹಾಗೇನೂ ಇಲ್ಲ. ಅವರಿಗೆ ಹಲ್ಲಿ ಕಂಡರೆ ಹೆದರಿಕೆ, ಗುಡುಗು ಕಂಡರೆ ಹೆದರಿಕೆ, ಇನ್ಸ್‌ಪೆಕ್ಷನ್ನಿಗೆ ಬರುವ ಸಾಹೇಬರನ್ನು ಕಂಡರಂತೂ ಅಂಗೈ ಬೆವರುತ್ತಿತ್ತು. ಬೆಲ್ಲು ಹೊಡೆಯುವ ಮೊದಲೇ ಸ್ಕೂಲಿನಲ್ಲಿರುತ್ತಿದ್ದರು. ಸೋಮವಾರದ ಒಪ್ಪೊತ್ತು ಬಿಡುತ್ತಿರಲಿಲ್ಲ. ಹಿರಿಯರು ಎದುರಾದರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದರು. ಯಾವುದಕ್ಕೂ ದನಿ ಎತ್ತಿದವರಲ್ಲ. ನಾನು ಕೂಗಾಡುತ್ತಿದ್ದೆ, ಮೇಜು ಗುದ್ದುತ್ತಿದ್ದೆ, ಕೊನೆಗೆ ಎಲ್ಲರೂ ಹೇಳಿದ್ದನ್ನೇ ಮಾಡಿ ಮನೆಗೆ ಹೋಗುತ್ತಿದ್ದೆ. ಅವರು ಮೆತ್ತಗೆ ಮಾತಾಡುತ್ತಿದ್ದರು, ಆದರೆ ಮಾಡಬಾರದು ಅನಿಸಿದ್ದನ್ನು ಮಾಡುತ್ತಿರಲಿಲ್ಲ.

ಒಂದು ವರ್ಷ ಇನ್ಸ್‌ಪೆಕ್ಷನ್ ಬಂತು. ಹೆಡ್ ಮೇಷ್ಟ್ರು ತಿಪಟೂರಿನ ಅಂಗಡಿಯಿಂದ ಚೆಂದದ ಕಸೂತಿ ಬಟ್ಟೆಗಳನ್ನು ತರಿಸಿ, "ಇವನ್ನ ಗೋಡೆಗೆ ಹಾಕಿ, ಮಕ್ಕಳು ಮಾಡಿದ್ದು ಅನ್ನಿ" ಎಂದರು. ಎಲ್ಲ ಸ್ಕೂಲಿನಲ್ಲೂ ಹಾಗೇ ಮಾಡುತ್ತಿದ್ದರು, ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಹೊಲಿಗೆ ಮೇಡಂ ಆ ಬಟ್ಟೆಗಳನ್ನು ನೀಟಾಗಿ ಮಡಿಸಿ ಬೀರುವಿನಲ್ಲಿಟ್ಟು, ನಮ್ಮ ಮಕ್ಕಳು ಹಾಕಿದ್ದ ಸೊಟ್ಟಪಟ್ಟ ಕಸೂತಿಯನ್ನೇ ಗೋಡೆಗೆ ತಗುಲಿಹಾಕಿದರು. ಸಾಹೇಬರು ಒಂದರ ಮುಂದೆ ನಿಂತು, "ಇದೇನಮ್ಮ, ಕಾಗೆಯಾ?" ಅಂದರು. ಹೊಲಿಗೆ ಮೇಡಂ ಸೆರಗಿಗೆ ಅಂಗೈ ಒರೆಸಿಕೊಂಡರು. "ಗಿಳಿ ಸಾರ್" ಅಂದರು. "ಈ ಸಲ ಹಿಂಗೆ ಬಂದಿದೆ. ಮುಂದಿನ ವರ್ಷ ಇನ್ನೂ ಚೆನ್ನಾಗಿ ಬರುತ್ತೆ." ಸಾಹೇಬರು ಜೋರಾಗಿ ನಕ್ಕುಬಿಟ್ಟರು. ಹೆಡ್ ಮೇಷ್ಟ್ರಿಗೆ ಮಾತ್ರ ಸಾಯಂಕಾಲದವರೆಗೆ ನಗು ಬರಲಿಲ್ಲ.

ಅವರದೊಂದು ಮಾತಿತ್ತು, "ತಡೀರಿ." ಏನು ಕೇಳಿದರೂ ಮೊದಲು ಅದೇ. ಒಂದು ಸಲ ಹೊಲಿಗೆಯ ಪೀರಿಯಡ್ಡನ್ನು ಕಿತ್ತು ಗಣಿತಕ್ಕೆ ಕೊಡೋಣ ಎಂದು ಹೆಡ್ ಮೇಷ್ಟ್ರು ಹೇಳಿದರು. ನಾವೆಲ್ಲ ಹೂಂ ಅಂದೆವು. ಅವರು, "ತಡೀರಿ ಸಾರ್, ನಾಳೆ ಹೇಳ್ತೀನಿ" ಅಂದರು. ಹೆಡ್ ಮೇಷ್ಟ್ರಿಗೆ ಸಿಟ್ಟು ಬಂತು, ನನಗೂ ಇದೇನು ಬಿಗುಮಾನ ಅನಿಸಿತು. ಮಾರನೆಯ ದಿನ ಬಂದು, "ಆಗಲಿ ಸಾರ್, ಹತ್ತನೇ ಕ್ಲಾಸಿನೋರಿಗೆ ಗಣಿತ ಬೇಕು, ತಗೊಳ್ಳಿ" ಅಂದರು. ನಮ್ಮಲ್ಲಿ ಯಾರೂ ಅದರ ಬಗ್ಗೆ ಒಂದು ನಿಮಿಷ ಯೋಚಿಸಿರಲಿಲ್ಲ. ತಡವಾಗಿ ಉತ್ತರ ಕೊಡಲು ಅವರಿಗೆ ನಾಚಿಕೆಯಿರಲಿಲ್ಲ. ನನಗಿತ್ತು. ಯಾರಾದರೂ ಬಾಯಿ ನೋಡುತ್ತಾ ನಿಂತರೆ ಆ ಮೌನ ತಡೆಯಲಾರದೆ ನಾನು ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ.

ಈಗ ನಮ್ಮ ಅಧ್ಯಕ್ಷರ ವಿಷಯ ಹೇಳಬೇಕು. ಸ್ಕೂಲಿನ ಕಮಿಟಿಗೆ ಅವರು ಅಧ್ಯಕ್ಷರು, ಊರಿಗೆ ಯಜಮಾನರು. ದೊಡ್ಡ ತೋಟ, ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ಕೆಟ್ಟವರಲ್ಲ. ಸ್ಕೂಲಿಗಾಗಿ ಮನೆಮನೆ ತಿರುಗಿದವರು, ಕಟ್ಟಡದ ಕಲ್ಲು ಇಳಿಸುವಾಗ ಪಂಚೆ ಎತ್ತಿ ಕಟ್ಟಿ ತಾವೂ ಕೈ ಹಾಕಿದವರು. ಊರು ಒಂದೇ ಮಾತಿನಲ್ಲಿರಬೇಕು ಅನ್ನುವುದು ಅವರ ನಂಬಿಕೆ. ಅದಕ್ಕೆ ಊರ ಪಂಚಾಯಿತಿಯ ಒಂದು ಪದ್ಧತಿಯನ್ನು ಸ್ಕೂಲಿಗೂ ತಂದಿದ್ದರು. ಯಾವುದೇ ತೀರ್ಮಾನ ಹೇಳಿದ ಮೇಲೆ ಎಲೆ ಅಡಿಕೆಯ ತಟ್ಟೆ ಸುತ್ತು ಬರುತ್ತಿತ್ತು. ಎಲೆ ತೆಗೆದುಕೊಂಡವರು ಒಪ್ಪಿದ ಹಾಗೆ. ಆಮೇಲೆ ತಕರಾರು ಎತ್ತುವಂತಿಲ್ಲ. ಬೇಲೂರಿಗೆ ಪ್ರವಾಸ ಹೋಗುವುದಕ್ಕೂ ಎಲೆ, ಗೋಡೆಗೆ ಸುಣ್ಣ ಹೊಡೆಸುವುದಕ್ಕೂ ಎಲೆ. ನಾನು ಎಲೆ ಹಾಕುವವಳಲ್ಲ, ತೆಗೆದುಕೊಂಡು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ನಮ್ಮ ಮನೆಯ ಓನರಮ್ಮನಿಗೆ ಕೊಡುತ್ತಿದ್ದೆ. ಸ್ಕೂಲಲ್ಲಿ ಮೀಟಿಂಗ್ ಅಂದರೆ ನನಗಿಂತ ಅವರಿಗೇ ಖುಷಿ. ಹೊಲಿಗೆ ಮೇಡಂ ತಮ್ಮ ಪಾಲಿನದನ್ನು ಪಂಡಿತರಿಗೆ ದಾಟಿಸುತ್ತಿದ್ದರು. ಪಂಡಿತರು ಬಾಯಲ್ಲಿ ಎಲೆಯಿಲ್ಲದೆ ಪದ್ಯ ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಎರಡು ಹೊಸ ಕೋಣೆ ಕಟ್ಟಬೇಕೆಂದಾಗ ಅಧ್ಯಕ್ಷರು ಇನ್ನೊಂದು ದಾರಿ ಹುಡುಕಿದರು. ನಮ್ಮ ಸೀಮೆಯಲ್ಲಿ ದುಡ್ಡಿಗಿಂತ ಸುಲಭವಾಗಿ ಸಿಗುವುದು ಕಾಯಿ. ವರ್ಷಕ್ಕೊಂದು ಸಲ ಪ್ರತಿಯೊಂದು ಮಗುವೂ ಎರಡೆರಡು ತೆಂಗಿನಕಾಯಿ ತರಬೇಕು ಎಂದಾಯಿತು. ಎಲೆ ಸುತ್ತು ಬಂತು, ಎಲ್ಲರೂ ತೆಗೆದುಕೊಂಡೆವು, ಹೊಲಿಗೆ ಮೇಡಂ ಕೂಡ. ತೋಟವಿದ್ದ ಮನೆಯ ಮಕ್ಕಳು ಕುಣಿದುಕೊಂಡು ತಂದರು. ವರಾಂಡದಲ್ಲಿ ಕಾಯಿಯ ರಾಶಿ ಬಿತ್ತು. ಆಮೇಲೆ ತರದೆ ಬಂದವರು ಕಂಡರು. ಮರವಿಲ್ಲದ ಮನೆ ಇರಬಹುದು ಅನ್ನುವುದೇ ನಮಗೆ ಹೊಳೆದಿರಲಿಲ್ಲ, ಅಷ್ಟು ಮರಗಳ ನಡುವೆ ಇದ್ದೆವು. ತರದವರನ್ನು ಪ್ರಾರ್ಥನೆ ಮುಗಿದ ಮೇಲೆ ಬಿಸಿಲಲ್ಲಿ ನಿಲ್ಲಿಸಿ ಎಂದು ಹೆಡ್ ಮೇಷ್ಟ್ರು ಹೇಳಿದರು. ಒಂಬತ್ತನೇ ಕ್ಲಾಸು ಹೊಲಿಗೆ ಮೇಡಂ ಅವರದು. "ನಿಲ್ಲಿಸೋದು ನಂಗೆ ಬರಲ್ಲ ಸಾರ್" ಎಂದು ಅವರು ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿಬಿಟ್ಟರು.

ಅದರ ಮುಂದಿನ ವರ್ಷ ಕಾಯಿ ತರುವ ದಿನ ಅಧ್ಯಕ್ಷರೇ ಬಂದು ರಾಶಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಅವರಿಗೆ ಅದೊಂದು ಸಂಭ್ರಮ. ಒಂದೊಂದು ಮಗು ಬಂದಾಗಲೂ ಕಾಯಿ ಕೈಗೆ ತೆಗೆದುಕೊಂಡು ಅಲ್ಲಾಡಿಸಿ, "ಯಾವ ತೋಟದ್ದು ಮಗಾ?" ಅನ್ನುವರು. ಮಕ್ಕಳು ತಮ್ಮ ತೋಟದ ಹೆಸರು ಹೇಳುವರು, ಅವರು ಬೆನ್ನು ತಟ್ಟುವರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಸರದಿ ಬಂತು. ಅವಳ ತಾಯಿ ಊರವರ ಮನೆಗಳಲ್ಲಿ ಕಾಯಿ ಒಡೆದು ಕೊಬ್ಬರಿ ಬಿಡಿಸುವ ಕೂಲಿ ಮಾಡುತ್ತಿದ್ದಳು. ಅವರಿಗೆ ಒಂದು ಮರವೂ ಇರಲಿಲ್ಲ. ಹೋದ ವರ್ಷ ತರದೆ ಇದ್ದವರಲ್ಲಿ ಅವಳೂ ಒಬ್ಬಳು.

"ಯಾವ ತೋಟದ್ದು ಮಗಾ?"

"ನಿಮ್ಮುದೇ ತೋಟದ್ದು ಯಜಮಾನ್ರೇ" ಅಂದಳು ಹುಡುಗಿ. "ಓಣೀಲಿ ಬಿದ್ದಿದ್ವು."

ಹಿಂದೆ ಸಾಲಿನಲ್ಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆ ನಗು ಇಲ್ಲದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮ ಕಡೆ ಬಿದ್ದ ಕಾಯಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ದಾರಿಯಲ್ಲಿ ಕಂಡರೆ ಎತ್ತಿ ಆ ತೋಟದ ಮರದ ಬುಡಕ್ಕೆ ಇಟ್ಟು ಹೋಗಬೇಕು. ಬೇಲಿಯಿಲ್ಲದ ತೋಟಗಳು ಉಳಿದಿದ್ದು ಅದರಿಂದಲೇ. ಅಧ್ಯಕ್ಷರ ಮುಖ ಕೆಂಪಾಯಿತು. ಕಾಯಿಯನ್ನು ರಾಶಿಗೆ ಹಾಕದೆ ಪಕ್ಕಕ್ಕಿಟ್ಟು, ಮಧ್ಯಾಹ್ನ ಮೀಟಿಂಗ್ ಕರೆಯಿರಿ ಎಂದು ಎದ್ದು ಹೋದರು.

ಮೀಟಿಂಗಿನಲ್ಲಿ ಅವರು ಕೂಗಾಡಲಿಲ್ಲ. "ನಾನೇನು ಕಾಯಿಗೆ ಅಳೋನಲ್ಲ ಕಣಪ್ಪ" ಅಂದರು. "ಬಿದ್ದ ಕಾಯಿ ಮುಟ್ಟಬಾರ್ದು ಅನ್ನೋದು ಈ ಊರಿನ ನಡತೆ. ಅದು ಕೆಟ್ಟೋಯ್ತು ಅಂದ್ರೆ ಯಾರ ತೋಟಾನೂ ಉಳಿಯಾಕಿಲ್ಲ. ಆ ಹುಡ್ಗಿಗೆ ಟಿ.ಸಿ. ಕೊಟ್ಟು ಕಳಿಸ್ಬುಡಿ."

ಟಿ.ಸಿ. ಅಂದರೆ ಅವಳ ಓದು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಇನ್ನೊಂದು ಹೈಸ್ಕೂಲು ಬಸ್ಸಿನಲ್ಲೇ ಹೋಗಬೇಕಾದಷ್ಟು ದೂರದಲ್ಲಿತ್ತು. ಅವಳ ತಾಯಿ ಅವಳನ್ನು ಬಸ್ಸಿಗೆ ಹತ್ತಿಸುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಕೊಬ್ಬರಿ ಬಿಡಿಸಲು ಕಲಿಸುತ್ತಾಳೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಡ್ ಮೇಷ್ಟ್ರು, "ಯಜಮಾನ್ರು ಹೇಳಿದ ಮೇಲೆ ಇನ್ನೇನಿದೆ" ಅಂದರು. ತಟ್ಟೆ ಆಗಲೇ ಮೇಜಿನ ಮೇಲಿತ್ತು.

"ತಡೀರಿ ಯಜಮಾನ್ರೇ" ಅಂದರು ಹೊಲಿಗೆ ಮೇಡಂ. "ಕಾಯಿ ತಗೊಂಡಿದ್ದು ತಪ್ಪು. ನಾನೇ ಅವ್ಳಿಗೆ ಬೈತೀನಿ. ಆದ್ರೆ ತಿನ್ನೋಕೆ ತಗೊಂಡ್ಲಾ? ನಾವು ತಾ ಅಂದ್ವಿ, ತಂದ್ಲು. ನಿಮ್ಮ ತೋಟದ ಕಾಯಿ ನಿಮ್ಮ ಸ್ಕೂಲಿಗೇ ಬಂತು. ನೀವು ಕೇಳಿದ್ರಿ, ನಿಜ ಹೇಳಿದ್ಲು. ಅಂಗಡೀಲಿ ತಗೊಂಡೆ ಅಂದಿದ್ರೆ ನೀವೇ ಬೆನ್ನು ತಟ್ಟಿ ಕಳಿಸ್ತಿದ್ರಿ."

ಅಧ್ಯಕ್ಷರು ಅವರನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಹಳ ಮೆತ್ತಗೆ, "ಅಲ್ಲ ಕಣಮ್ಮ, ನಿಮ್ಮ ಕೆಲ್ಸ ಇನ್ನೂ ಕಾಯಂ ಆಗಿಲ್ಲ ಅಲ್ವಾ?" ಅಂದರು.

"ಇಲ್ಲ ಯಜಮಾನ್ರೇ. ನೀವೇ ಮಾಡಬೇಕು."

"ಸರಿ" ಎಂದು ಅಧ್ಯಕ್ಷರು ತಟ್ಟೆಯನ್ನು ಹೆಡ್ ಮೇಷ್ಟ್ರ ಕೈಗೆ ಕೊಟ್ಟರು.

ಹೆಡ್ ಮೇಷ್ಟ್ರು ಎಲೆ ತೆಗೆದುಕೊಂಡರು. ಗಣಿತದ ಮೇಷ್ಟ್ರು ತೆಗೆದುಕೊಂಡರು. ಹೀಗೆ ಬರುತ್ತಾ ತಟ್ಟೆ ಹೊಲಿಗೆ ಮೇಡಂ ಕೈಗೆ ಬಂತು. ಅವರು ಎಲೆ ತೆಗೆದುಕೊಳ್ಳಲಿಲ್ಲ. ತಟ್ಟೆಯನ್ನು ಹಾಗೇ ನನ್ನ ಕಡೆ ಸರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನನ್ನ ಮುಖ ನೋಡಲಿಲ್ಲ. ನೀನೂ ತೆಗೆದುಕೊಳ್ಳಬೇಡ ಎಂದು ಕಣ್ಣಲ್ಲಿ ಕೂಡ ಹೇಳಲಿಲ್ಲ.

ನಾನು ಧೈರ್ಯವಂತೆಯಲ್ಲ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ನ್ಯಾಯ ಅನ್ಯಾಯದ ದೊಡ್ಡ ಯೋಚನೆಗಳೇನೂ ಇರಲಿಲ್ಲ. ಅವರಿಗಿಂತ ಮೊದಲು ತಟ್ಟೆ ನನ್ನ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದೆನೋ ದೇವರೇ ಬಲ್ಲ. ಆದರೆ ಒಬ್ಬರು ಬೇಡ ಅಂದಿದ್ದನ್ನು ಕಣ್ಣಾರೆ ನೋಡಿಬಿಟ್ಟಿದ್ದೆ, ಅವರಿಗೆ ಏನೂ ಆಗಿರಲಿಲ್ಲ, ಕೂತ ಕುರ್ಚಿಯಲ್ಲೇ ಕೂತಿದ್ದರು. ಅವರ ಪಕ್ಕದಲ್ಲಿ ಕೂತು ಎಲೆ ಎತ್ತುವುದು ಎತ್ತದೆ ಇರುವುದಕ್ಕಿಂತ ಕಷ್ಟ ಅನಿಸಿತು. ತಟ್ಟೆಯನ್ನು ಪಂಡಿತರ ಕಡೆ ಸರಿಸಿದೆ.

ಪಂಡಿತರು ಎಲೆ ಎತ್ತಿದರು. ಅಭ್ಯಾಸದಂತೆ ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ಬಾಯಿಯ ಹತ್ತಿರ ತಂದರು. ಅಲ್ಲಿಗೆ ನಿಂತರು. ನಮ್ಮಿಬ್ಬರನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ಕೈಯಲ್ಲಿದ್ದ ಎಲೆಯನ್ನು ಬಹಳ ಆಸೆಯಿಂದ ನೋಡಿದರು. ಆಮೇಲೆ ನಿಧಾನವಾಗಿ ಅದನ್ನು ತಟ್ಟೆಗೆ ವಾಪಸ್ಸು ಇಟ್ಟು, "ಇವತ್ತು ಯಾಕೋ ಹಲ್ಲು ನೋವು ಯಜಮಾನ್ರೇ" ಅಂದರು.

ತಟ್ಟೆ ಅಧ್ಯಕ್ಷರ ಮುಂದೆ ಬಂದು ನಿಂತಿತು. ಅದರಲ್ಲಿ ಎಲೆ ಉಳಿದಿತ್ತು. ಅವರ ತಂದೆಯ ಕಾಲದಿಂದ ಆ ಊರಿನಲ್ಲಿ ಎಷ್ಟೋ ಪಂಚಾಯಿತಿಗಳು ನಡೆದಿದ್ದವು. ಸುತ್ತು ಹೋದ ತಟ್ಟೆಯಲ್ಲಿ ಎಲೆ ಉಳಿದು ಬಂದದ್ದು ಅವರಿಗೆ ನೆನಪಿರಲಿಲ್ಲ. ಬೇಡ ಅನ್ನುವವರಿಗೂ ಆ ತಟ್ಟೆಯಲ್ಲಿ ಜಾಗವಿದೆ ಎಂದು ನನಗೂ ಆವತ್ತೇ ಗೊತ್ತಾದದ್ದು. ಹೆಡ್ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ, "ಮೆಜಾರಿಟಿ ಇದೆಯಲ್ಲ ಯಜಮಾನ್ರೇ" ಅಂದರು.

"ಸುಮ್ಕಿರಿ ಮೇಷ್ಟ್ರೇ" ಎಂದು ಅಧ್ಯಕ್ಷರು ಗದರಿದರು. "ಎಲೆ ಉಳಿದ್ ಮ್ಯಾಲೆ ಅದು ತೀರ್ಮಾನ ಅಲ್ಲ. ನಿಮ್ಗೆ ಗೊತ್ತಿಲ್ಲ, ನಂಗೊತ್ತು." ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಎದ್ದು ಹೋದರು. ಟಿ.ಸಿ.ಯ ಮಾತು ಅಲ್ಲಿಗೆ ನಿಂತಿತು. ಅವರು ಎಂಥವರೇ ಆಗಿರಲಿ, ತಮ್ಮ ಪದ್ಧತಿಗೆ ತಾವೇ ತಪ್ಪಲಿಲ್ಲ. ಆ ಮರ್ಯಾದೆಯನ್ನು ನಾನು ಅವರಿಗೆ ಕೊಡಲೇಬೇಕು.

ಹೊಲಿಗೆ ಮೇಡಂ ಇದಕ್ಕೆ ಬೆಲೆ ತೆರಲಿಲ್ಲ ಅಂತಲ್ಲ. ಅವರ ಕೆಲಸ ಕಾಯಂ ಆಗುವ ವಿಷಯ ಮುಂದಿನ ಮೀಟಿಂಗಿಗೆ, ಅದರ ಮುಂದಿನ ಮೀಟಿಂಗಿಗೆ ಎಂದು ವರ್ಷಗಟ್ಟಲೆ ಜಾರುತ್ತಾ ಹೋಯಿತು. ಕೆಲವರು ಅವರ ಜೊತೆ ಮಾತು ಬಿಟ್ಟರು, ಇವರ ದೆಸೆಯಿಂದ ನಮಗೂ ತೊಂದರೆ ಎಂದು. ಅವರು ಮಾತ್ರ ಸಾಯಂಕಾಲ ಮನೆಯಲ್ಲಿ ರವಿಕೆ ಹೊಲಿದುಕೊಂಡು, ಬೆಳಿಗ್ಗೆ ಬೆಲ್ಲಿಗೆ ಮುಂಚೆ ಸ್ಕೂಲಿಗೆ ಬರುವುದನ್ನು ತಪ್ಪಿಸಲಿಲ್ಲ. ಅಧ್ಯಕ್ಷರು ಎದುರಾದರೆ ಮೊದಲಿನ ಹಾಗೇ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದರು. ನನಗಾಗಿದ್ದರೆ ಆ ಮನುಷ್ಯನ ನೆರಳು ಕಂಡರೂ ಮೈ ಉರಿಯುತ್ತಿತ್ತು.

ಮರುವರ್ಷ ಅಧ್ಯಕ್ಷರು ತಾವಾಗಿಯೇ, ಮರವಿಲ್ಲದ ಮನೆಯ ಮಕ್ಕಳು ಕಾಯಿ ತರಬೇಕಾಗಿಲ್ಲ ಎಂದು ಹೇಳಿಸಿದರು. ಮೀಟಿಂಗುಗಳೂ ಬದಲಾದವು. ಪ್ರವಾಸದ ತಾರೀಕು ಹೊಂದದೆ ಗಣಿತದ ಮೇಷ್ಟ್ರು ಒಮ್ಮೆ ಎಲೆ ಬಿಟ್ಟರು, ಇನ್ಯಾವುದಕ್ಕೋ ನಾನು ಬಿಟ್ಟೆ. ಮಾತು ಉದ್ದವಾಯಿತು, ಜಗಳವೂ ಆಯಿತು, ಮನೆಗೆ ಹೋಗುವುದು ತಡವಾಯಿತು. ಓನರಮ್ಮನಿಗೆ ಎಲೆ ಕಡಿಮೆಯಾಗಿ ನನ್ನ ಮೇಲೆ ಮುನಿಸು ಬಂತು. ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ ಅಧ್ಯಕ್ಷರೇ ಹೊಲಿಗೆ ಮೇಡಂ ಕೆಲಸ ಕಾಯಂ ಮಾಡುವ ಮಾತೆತ್ತಿದರು. ಹೆಡ್ ಮೇಷ್ಟ್ರಿಗೆ ಆಶ್ಚರ್ಯವಾದದ್ದನ್ನು ಕಂಡು, "ಆಯಮ್ಮ ಎಲೆ ತಗೊಂಡ್ರೆ ನಿಜ್ವಾಗ್ಲೂ ಒಪ್ಕಂಡವ್ರೆ ಅಂತ ಗೊತ್ತಾಯ್ತದೆ ಕಣಪ್ಪ. ನಿಮ್ದು ನಂಗೆ ಇವತ್ತಿನ್ಗಂಟ ಗೊತ್ತಾಗಿಲ್ಲ" ಅಂದರು. ಆವತ್ತು ತಟ್ಟೆಯಲ್ಲಿ ಒಂದೂ ಎಲೆ ಉಳಿಯಲಿಲ್ಲ. ನಾನು ಎರಡು ತೆಗೆದುಕೊಂಡೆ.

ಕೆಲವರು ಯಾಕೆ ಹೀಗಿರುತ್ತಾರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಊರಿನವರು ತಮಗೆ ತೋಚಿದ ಕಾರಣ ಕೊಡುತ್ತಿದ್ದರು. ಗಂಡ ಮಕ್ಕಳಿಲ್ಲದವಳು, ಅವಳಿಗೇನು ಹೆದರಿಕೆ ಅನ್ನುವರು. ನಿಜ ಹೇಳಬೇಕೆಂದರೆ ಹಿಂದೆ ಮುಂದೆ ಯಾರೂ ಇಲ್ಲದ್ದರಿಂದಲೇ ಅವರಿಗೆ ಆ ಕೆಲಸ ನಮಗಿಂತ ಹೆಚ್ಚು ಬೇಕಾಗಿತ್ತು. ಹಟಮಾರಿ ಅನ್ನುವರು. ಹಟಮಾರಿ ನಾನು. ಹಟ ಮಾಡುವವರಿಗೆ ಗೆಲ್ಲಬೇಕು ಅಂತಿರುತ್ತದೆ. ಅವರಿಗೆ ಅಧ್ಯಕ್ಷರನ್ನು ಸೋಲಿಸುವ ಆಸೆ ಒಂದಿಷ್ಟೂ ಇರಲಿಲ್ಲ. ಅವರು ನಿವೃತ್ತರಾಗಿ ಕಂದಿಕೆರೆಗೆ ಹೋದ ಮೇಲೆ ಒಂದು ಸಲ ಹೋಗಿ ನೇರವಾಗಿ ಕೇಳಿಯೇಬಿಟ್ಟೆ. ಹಿತ್ತಿಲಲ್ಲಿ ಕೂತು ಯಾರದೋ ಮಗುವಿನ ಲಂಗಕ್ಕೆ ಅಂಚು ಹಾಕುತ್ತಿದ್ದರು.

"ಆವತ್ತು ನಿಮಗೆ ಹೆದರಿಕೆ ಆಗಲಿಲ್ವಾ ಮೇಡಂ?"

"ಆಗ್ದೆ ಇರುತ್ತಾ? ರಾತ್ರಿ ಊಟ ಸೇರಲಿಲ್ಲ ಕಣಮ್ಮ" ಅಂದರು. ಸೂಜಿ ಎಳೆದು, ದಾರ ಕಚ್ಚಿ, ಎಂದಿನ ಹಾಗೆ ಸ್ವಲ್ಪ ಹೊತ್ತು ತೆಗೆದುಕೊಂಡರು. "ಯಜಮಾನ್ರು ಯಾವಾಗ್ಲೋ ಒಂದ್ಸಲ ಬರೋರು. ಆ ಮಕ್ಕಳ ಮುಂದೆ ನಾನು ದಿನಾ ಹೋಗಿ ನಿಂತ್ಕೊಬೇಕಿತ್ತಲ್ಲ. ಯಜಮಾನ್ರಿಗಿಂತ ಆ ಮಕ್ಕಳಿಗೇ ಹೆಚ್ಚು ಹೆದ್ರಿದೆ ಅಂತ ಇಟ್ಕೊ. ಅಷ್ಟೇಯ, ಇನ್ನೇನಿಲ್ಲ ಬುಡು. ಕಾಫಿ ಕುಡೀತೀಯಾ?"

ಇದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು. ಅವರು ನಮಗಿಂತ ಬೇರೆ ಮಣ್ಣಿನಿಂದ ಆದವರಲ್ಲ. ಹೆದರಿಕೆ ನನಗೂ ಇದೆ. ಅದನ್ನು ಎತ್ತ ತಿರುಗಿಸಬೇಕು ಎಂದು ಕಲಿಯಬಹುದು ಎಂದುಕೊಂಡು ಬಸ್ಸು ಹತ್ತಿದೆ. ಅವರಿಂದ ನಾನು ಕಲಿತೆನೋ ಇಲ್ಲವೋ, ಕಲಿಯಬಹುದು ಎಂಬ ನಂಬಿಕೆ ಮಾತ್ರ ಇವತ್ತಿಗೂ ಇದೆ. ಅವರಿಲ್ಲ ಅನ್ನುವುದು ನೆನಪಾದಾಗಲೆಲ್ಲ ದುಃಖವಾಗುತ್ತದೆ, ಆದರೆ ಮನಸ್ಸು ಕುಗ್ಗುವುದಿಲ್ಲ.

ಅವರನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಆ ಮೀಟಿಂಗಲ್ಲ, ಅದರ ಮಾರನೆಯ ಬೆಳಿಗ್ಗೆ. ಒಂಬತ್ತನೇ ಕ್ಲಾಸಿಗೂ ನನ್ನ ಕ್ಲಾಸಿಗೂ ನಡುವೆ ಇದ್ದದ್ದು ಬಿದಿರು ತಟ್ಟಿಯ ಗೋಡೆ, ಅಲ್ಲಿಯ ಮಾತೆಲ್ಲ ಇಲ್ಲಿಗೆ ಕೇಳುತ್ತಿತ್ತು. ಟಿ.ಸಿ. ಕೊಡುತ್ತಾರಂತೆ ಎಂಬ ಸುದ್ದಿ ಹಿಂದಿನ ಸಂಜೆಯೇ ಊರೆಲ್ಲ ಹಬ್ಬಿತ್ತು. ಮೀಟಿಂಗಿನಲ್ಲಿ ಏನಾಯಿತೆಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಬೆಲ್ಲು ಹೊಡೆದು ಎಷ್ಟೋ ಹೊತ್ತಾದ ಮೇಲೆ ನನ್ನ ಕ್ಲಾಸಿನ ಮುಂದೆಯೇ ಹಾದು ಹೋಗಿ ಆ ಬಾಗಿಲಲ್ಲಿ ನಿಂತಳು. ಪುಸ್ತಕ ತಂದಿರಲಿಲ್ಲ, ಹೊಲಿಗೆಯ ಬಟ್ಟೆಯೊಂದನ್ನು ಮಾತ್ರ ಹಿಂತಿರುಗಿಸಲು ಹಿಡಿದುಕೊಂಡಿದ್ದಳು. ನಾನು ಪಾಠ ನಿಲ್ಲಿಸಿದೆ.

"ಮೇಡಂ, ಈ ಬಟ್ಟೆ ಸ್ಕೂಲಿಂದು" ಅಂದಳು.

"ತಾ ಇಲ್ಲಿ" ಅಂದರು ಹೊಲಿಗೆ ಮೇಡಂ. ಬಟ್ಟೆ ಬಿಡಿಸಿ ಕೊಡವಿದ ಸದ್ದು. ಆಮೇಲೆ, "ಇದೇನೇ ಇದು ಅಂಚು? ಇಲ್ಲೊಂದು, ಅಲ್ಲೊಂದು! ಬಿಚ್ಚು ಇದನ್ನ."

"ಎಲ್ಲಾನೂವಾ ಮೇಡಂ?"

"ಎಲ್ಲಾನೂ. ಬಿಚ್ಚಿ ಮೊದಲಿಂದ ಹಾಕು. ಹತ್ತನೇ ಕ್ಲಾಸು ಮುಗಿಯೋಗಂಟ ಇಲ್ಲೇ ಇರ್ತೀಯಲ್ಲ, ನಿಂಗೇನೇ ಅವಸರ?"

ಬೆಂಚು ಸರಿದ ಸದ್ದು ಕೇಳಿತು, ಪಕ್ಕದವಳ ಹತ್ತಿರ ಅವಳು ಕತ್ತರಿ ಕೇಳಿದ್ದು ಕೇಳಿತು.